ಹಳೆಯ ಅಸ್ಸೇ ರಸೀದಿ ಕೈಗೆ ಸಿಕ್ಕರೆ ಮೊದಲು ಲೆಕ್ಕ ಹಾಕಿ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಬಂಗಾರಪೇಟೆ. ಈಗ ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿದ್ದೇನೆ. ಇಲ್ಲಿ ಒಂದು ಹಳೆಯ ಮನೆಯ ಸಾಮಾನು ಮಾರಾಟಕ್ಕಿತ್ತು. ಅದರಲ್ಲಿ ಒಂದು ಫೈಲ್ ಕೊಂಡೆ. ಒಳಗೆ ಮೂರು ಕಾಗದ ಇವೆ. ಮೊದಲನೆಯದು ಸ್ಯಾನ್ ಫ್ರಾನ್ಸಿಸ್ಕೊದ ಕೆಲಾಗ್ ಅಂಡ್ ಹಂಬರ್ಟ್ ಅನ್ನುವವರ 1856ರ ಅಸ್ಸೇ, ಅಂದರೆ ಚಿನ್ನದ ಪರೀಕ್ಷೆಯ ರಸೀದಿ. ಎರಡನೆಯದು ಪೇಜ್, ಬೇಕನ್ ಅಂಡ್ ಕಂಪನಿ ಎಂಬ ಬ್ಯಾಂಕಿನದು, ತಾರೀಖು 1855ರ ಜನವರಿ, ಮೇಲೆ 'ಸೆಕೆಂಡ್ ಆಫ್ ಎಕ್ಸ್‌ಚೇಂಜ್' ಅಂತಿದೆ. ಅದಕ್ಕೆ ನೋಟರಿಯ ಚೀಟಿಯೊಂದನ್ನು ತುಕ್ಕು ಹಿಡಿದ ಪಿನ್‌ನಿಂದ ಚುಚ್ಚಿದ್ದಾರೆ. ಮೂರನೆಯದು ವೆಲ್ಸ್ ಫಾರ್ಗೊ ಹೆಸರಿನ ಕಂದು ಬಣ್ಣದ ಗರಿಗರಿ ಕಾಗದ. ಇವು ಅಸಲಿಯಾ? ಏನು ಬೆಲೆ ಬಾಳುತ್ತವೆ? ಇದನ್ನೇ ಹವ್ಯಾಸ ಮಾಡಿಕೊಳ್ಳೋಣ ಅನ್ನಿಸಿದೆ. ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿದ್ದವರು. ಅಲ್ಲಿನ ಇಂಥ ರಸೀದಿಗಳು ಸಿಗುತ್ತವಾ? ಊರಿಗೆ ಬರುವಾಗ ಇವನ್ನು ತರಬಹುದಾ?

ಉತ್ತರ: ಮೊದಲು ಒಂದು ಮಾತು. ಆ ಪಿನ್ ತೆಗೆಯಬೇಡಿ, ಚೀಟಿಯನ್ನು ಬೇರೆ ಮಾಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ನೀವಿರುವ ಜಾಗದಿಂದಲೇ ಶುರು ಮಾಡೋಣ. ಫೋಲ್ಸಮ್ ಇರುವುದು ಅಮೆರಿಕನ್ ನದಿಯ ದಡದಲ್ಲಿ. ಅದೇ ನದಿಯ ಮೇಲ್ಭಾಗದ ಕೊಲೋಮಾದಲ್ಲಿ, ಸಟರ್ ಎಂಬುವವರಿಗಾಗಿ ಮರ ಕೊಯ್ಯುವ ಗಿರಣಿ ಕಟ್ಟಿಸುತ್ತಿದ್ದ ಜೇಮ್ಸ್ ಮಾರ್ಷಲ್ ಕಣ್ಣಿಗೆ 1848ರ ಜನವರಿ 24ರಂದು ಚಿನ್ನ ಬಿತ್ತು. ಮುಂದಿನ ವರ್ಷವೇ ಜನ ಪ್ರಪಂಚದ ಮೂಲೆಮೂಲೆಯಿಂದ ನುಗ್ಗಿ ಬಂದರು. ನದಿಯ ಮರಳು ಜಾಲಾಡಿ ತೆಗೆದ ಚಿನ್ನದ ಪುಡಿಯೇ ಅಲ್ಲಿ ದುಡ್ಡು. ಅಂಗಡಿಯಲ್ಲಿ ಔನ್ಸಿಗೆ 16 ಡಾಲರ್ ಲೆಕ್ಕದಲ್ಲಿ ತೂಗಿ ಸಾಮಾನು ಕೊಡುತ್ತಿದ್ದರು. ಶುದ್ಧ ಚಿನ್ನಕ್ಕೆ ಸರ್ಕಾರಿ ದರ ಔನ್ಸಿಗೆ 20.67 ಡಾಲರ್. ಈ ಎರಡರ ನಡುವಿನ ಅಂತರದಲ್ಲೇ ಅಸ್ಸೇ ಕಚೇರಿಗಳು ಹುಟ್ಟಿದ್ದು.

ನದಿಯ ಚಿನ್ನ ಶುದ್ಧ ಇರುವುದಿಲ್ಲ. ಅದರಲ್ಲಿ ಬೆಳ್ಳಿ ಸೇರಿರುತ್ತದೆ, ಮರಳು, ಕಬ್ಬಿಣದ ಪುಡಿ ಇರುತ್ತವೆ, ಪಾದರಸವೂ ಇರಬಹುದು. ಅಸ್ಸೇ ಕಚೇರಿಯವರು ಪುಡಿಯನ್ನು ತೂಗಿ, ಮೂಸೆಯಲ್ಲಿ ಕರಗಿಸಿ, ಗಟ್ಟಿ ಎರೆದು, ಮತ್ತೆ ತೂಗುತ್ತಿದ್ದರು. ಆ ಗಟ್ಟಿಯ ಒಂದು ಮೂಲೆಯಿಂದ ಚಿಕ್ಕ ಚೂರು ಕತ್ತರಿಸುತ್ತಿದ್ದರು. ಚೂರಿಗೆ ಬೆಳ್ಳಿ, ಸೀಸ ಸೇರಿಸಿ ಮೂಳೆಬೂದಿಯ ಪುಟ್ಟ ಬಟ್ಟಲಿನಲ್ಲಿ ಕಾಯಿಸಿದರೆ ಕೀಳು ಲೋಹವೆಲ್ಲ ಸೀಸದ ಜೊತೆ ಬೂದಿಗೆ ಇಳಿದುಬಿಡುತ್ತದೆ. ಉಳಿದ ಗುಂಡನ್ನು ತೆಳ್ಳಗೆ ತಟ್ಟಿ ನೈಟ್ರಿಕ್ ಆಸಿಡ್‌ನಲ್ಲಿ ಬೇಯಿಸಿದರೆ ಬೆಳ್ಳಿ ಕರಗಿಹೋಗಿ ಬರೀ ಚಿನ್ನ ಉಳಿಯುತ್ತದೆ. ಅದರ ತೂಕದಿಂದ ಸಾವಿರಕ್ಕೆ ಎಷ್ಟು ಪಾಲು ಚಿನ್ನ ಅಂತ ಹೇಳುತ್ತಿದ್ದರು. ನಮ್ಮ ಚಿನಿವಾರರ ಅಂಗಡಿಗಳಲ್ಲಿ ಟಚ್ ಅಂತಾರಲ್ಲ, ಅದೇ. ಈ ಕೆಲಸದ ಲೆಕ್ಕವೇ ನಿಮ್ಮ ಮೊದಲ ಕಾಗದ.

ಇಂಥ ರಸೀದಿ ಓದುವುದು ಹೇಗೆ ಅನ್ನುವುದಕ್ಕೆ ಒಂದು ಮಾದರಿ ಲೆಕ್ಕ ಕೊಡುತ್ತೇನೆ. ಕರಗಿಸುವ ಮೊದಲು 46.20 ಔನ್ಸ್, ಕರಗಿಸಿದ ಮೇಲೆ 44.75 ಔನ್ಸ್, ಚಿನ್ನ ಸಾವಿರಕ್ಕೆ 884 ಅಂತ ಇದೆ ಅಂದುಕೊಳ್ಳಿ. 44.75ನ್ನು 0.884ರಿಂದ ಗುಣಿಸಿ. 39.559 ಔನ್ಸ್ ಶುದ್ಧ ಚಿನ್ನ ಬರುತ್ತದೆ. ಇದನ್ನು 20.67ರಿಂದ ಗುಣಿಸಿದರೆ 817.68 ಡಾಲರ್. ಆದರೆ ಅಸಲಿ ರಸೀದಿಯಲ್ಲಿ 817.76ರ ಹತ್ತಿರದ ಅಂಕಿ ಇರಬೇಕು. ಯಾಕೆಂದರೆ ಸರ್ಕಾರಿ ದರದ ಪೂರ್ತಿ ಅಂಕಿ 20.6718. ಆಗಿನ ಅಸ್ಸೇಯವರು ಛಾಪಿಸಿದ ಕೋಷ್ಟಕ ಇಟ್ಟುಕೊಂಡು ಈ ಪೂರ್ತಿ ದರದಲ್ಲೇ ಲೆಕ್ಕ ಮಾಡುತ್ತಿದ್ದರು. ಕೋಷ್ಟಕದಿಂದಾಗಿ ಒಂದೆರಡು ಸೆಂಟ್ ಆಚೀಚೆ ಆದರೆ ಪರವಾಗಿಲ್ಲ. ಹತ್ತಾರು ಡಾಲರ್ ಆಚೀಚೆ ಆದರೆ ಎಚ್ಚರ ಆಗಬೇಕು.

ನಕಲು ಮಾಡುವವರು ಅಕ್ಷರ ಚೆನ್ನಾಗಿ ಅನುಕರಿಸುತ್ತಾರೆ, ಶಾಯಿಯನ್ನೂ ಹೊಂದಿಸುತ್ತಾರೆ. ಗುಣಾಕಾರದಲ್ಲಿ ಎಡವುತ್ತಾರೆ. ಸುಮ್ನೆ ನೋಡಲು ಚೆಂದ ಅಂತ 50 ಔನ್ಸ್, 900 ಟಚ್, 1000 ಡಾಲರ್ ಅಂತ ದುಂಡು ಅಂಕಿಗಳನ್ನು ಬರೆದುಬಿಡುತ್ತಾರೆ. ನದಿಯಿಂದ ಬಂದ ಪುಡಿ ಅಷ್ಟು ದುಂಡಾಗಿ ತೂಗುವುದು ತೀರಾ ಅಪರೂಪ. ಇನ್ನೂ ಎರಡು ವಿಷಯ ನೋಡಿ. ಚಿನ್ನ ಮತ್ತು ಬೆಳ್ಳಿಯ ಪಾಲು ಎರಡನ್ನೂ ಬರೆದಿದ್ದರೆ ಕೂಡಿದಾಗ ಸಾವಿರ ದಾಟಬಾರದು. ಕರಗಿಸಿದ ಮೇಲಿನ ತೂಕ ಮೊದಲಿನದಕ್ಕಿಂತ ಜಾಸ್ತಿ ಇರಲಂತೂ ಸಾಧ್ಯವೇ ಇಲ್ಲ.

ಈ ಲೆಕ್ಕದಿಂದ ಇನ್ನೊಂದು ವಿಷಯ ಹೊರಗೆ ಬರುತ್ತದೆ. ನನಗೆ ಈ ಕಾಗದಗಳ ಮೇಲೆ ಪ್ರೀತಿ ಇರುವುದು ಅದಕ್ಕೇ. ಅದೇ 46.20 ಔನ್ಸ್ ಪುಡಿಯನ್ನು ಅಂಗಡಿಯವನಿಗೆ ಕೊಟ್ಟಿದ್ದರೆ 16ರ ದರದಲ್ಲಿ 739.20 ಡಾಲರ್ ಸಿಗುತ್ತಿತ್ತು. ಪರೀಕ್ಷೆಗೆ ಕೊಟ್ಟಿದ್ದರಿಂದ ಕಚೇರಿಯ ಖರ್ಚು ಕಳೆಯುವ ಮುಂಚೆ 78 ಡಾಲರ್ ಹೆಚ್ಚು. ಬೆಟ್ಟದಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಪುಡಿಯನ್ನು ಯಾಕೆ ಕಳಿಸುತ್ತಿದ್ದರು ಅಂತ ಕೇಳಿದರೆ ಉತ್ತರ ಈ ಒಂದು ಸಾಲಿನಲ್ಲಿದೆ. ಯಾರೋ ಒಬ್ಬರ ಎಷ್ಟೋ ವಾರಗಳ ದುಡಿಮೆ ಆ 44.75 ಔನ್ಸ್, ಅಂದರೆ ನಮ್ಮ ಲೆಕ್ಕದಲ್ಲಿ 1 ಕಿಲೋ 392 ಗ್ರಾಂ.

ಕರಗಿಸುವಾಗ ಆಗುವ ನಷ್ಟವನ್ನು ಹಗುರವಾಗಿ ನೋಡಬೇಡಿ. ಆಗ ಅದು ದೊಡ್ಡ ಜಗಳದ ವಿಷಯ. ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಟಂಕಸಾಲೆಯಲ್ಲೇ ಚಿನ್ನ ಕಡಿಮೆ ಬಂತು ಅಂತ 1857ರಲ್ಲಿ ಅಲ್ಲಿನ ಅಧಿಕಾರಿ ಅಗೋಸ್ಟನ್ ಹರಾಸ್ತಿ ಮೇಲೆ ಮೊಕದ್ದಮೆ ಬಿತ್ತು. ಕುಲುಮೆಯ ಚಿಮಣಿಯಿಂದ ಹೊಗೆಯ ಜೊತೆ ಚಿನ್ನ ಹಾರಿಹೋಗಿದೆ ಅನ್ನುವುದು ಅವರ ಕಡೆಯ ವಾದ. ಕೊನೆಗೆ ಅವರು ನಿರಪರಾಧಿ ಅಂತ ತೀರ್ಮಾನವಾಯಿತು.

ಈಗ ಕೆಲಾಗ್ ಅಂಡ್ ಹಂಬರ್ಟ್ ಬಗ್ಗೆ. ಅಗಸ್ಟಸ್ ಹಂಬರ್ಟ್ ಮೊದಲು ಅಮೆರಿಕ ಸರ್ಕಾರದ ಅಸ್ಸೇಯರ್ ಆಗಿ ಬಂದವರು. 1851ರಿಂದ ಅವರ ಹೆಸರಿನ ಎಂಟು ಮೂಲೆಯ 50 ಡಾಲರ್ ನಾಣ್ಯಗಳು ಹೊರಬಂದವು. ಆ ಸರ್ಕಾರಿ ಅಸ್ಸೇ ಕಚೇರಿ 1853ರ ಕೊನೆಗೆ ಮುಚ್ಚಿತು, 1854ರಲ್ಲಿ ಟಂಕಸಾಲೆ ತೆರೆಯಿತು. ಹಂಬರ್ಟ್ 1855ರಲ್ಲಿ ಕೆಲಾಗ್ ಜೊತೆ ಸೇರಿದರು. 1860ರವರೆಗೆ ಆ ಜೋಡಿ ಹೆಸರು ನಡೆಯಿತು. ಹಾಗಾಗಿ ನಿಮ್ಮ ರಸೀದಿಯ 1856 ಅನ್ನುವ ವರ್ಷ ಸರಿಯಾಗಿ ಕೂರುತ್ತದೆ. ಇದೇ ಜೋಡಿ ಹೆಸರಿನಲ್ಲಿ 1852ರ ರಸೀದಿ ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ.

ಇವರು ಎರೆದ ಗಟ್ಟಿಗಳು ಈಗಲೂ ಇವೆ. ಸೆಂಟ್ರಲ್ ಅಮೆರಿಕ ಎಂಬ ಹಡಗು 1857ರ ಸೆಪ್ಟೆಂಬರ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. 400ಕ್ಕೂ ಹೆಚ್ಚು ಜನ ಸತ್ತರು. ಹಡಗು ಸಮುದ್ರದ ತಳದಲ್ಲಿ ಸಿಕ್ಕಿದ್ದು 1988ರಲ್ಲಿ. ಅದರಲ್ಲಿ ಕೆಲಾಗ್ ಅಂಡ್ ಹಂಬರ್ಟ್ ಮುದ್ರೆಯ ಗಟ್ಟಿಗಳು ರಾಶಿಯಾಗಿ ಸಿಕ್ಕವು. ಜಸ್ಟ್ ಅಂಡ್ ಹಂಟರ್, ಬ್ಲೇಕ್, ಹ್ಯಾರಿಸ್ ಮಾರ್ಚಂಡ್, ಹೆನ್ರಿ ಹೆಂಚ್ ಎಂಬ ಬೇರೆ ಅಸ್ಸೇಯವರ ಗಟ್ಟಿಗಳೂ ಇದ್ದವು. ಯುರೇಕಾ ಅಂತ ಹೆಸರು ಪಡೆದ ದೊಡ್ಡ ಗಟ್ಟಿ 933.94 ಔನ್ಸ್, ಟಚ್ 903. ಮೇಲೆ ಹೇಳಿದ ಹಾಗೆ ಗುಣಿಸಿ ನೋಡಿ, 17,433 ಡಾಲರ್ ಚಿಲ್ಲರೆ ಬರುತ್ತದೆ. ಗಟ್ಟಿಯ ಮೇಲೂ ಅದೇ ಮೊತ್ತ ಒತ್ತಿದ್ದಾರೆ. 2001ರಲ್ಲಿ ಅದು 80 ಲಕ್ಷ ಡಾಲರ್‌ಗೆ ಹೋಯಿತು. ನಿಮ್ಮ ರಸೀದಿಯಲ್ಲಿ ಗಟ್ಟಿಯ ನಂಬರ್ ಇದ್ದರೆ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಆ ಗಟ್ಟಿಗಳು ಟಂಕಸಾಲೆಗೆ ಹೋಗಿ ನಾಣ್ಯ ಆಗಿಬಿಡುತ್ತಿದ್ದವು. ಆದ್ದರಿಂದಲೇ ರಸೀದಿಗೆ ಬೆಲೆ. ಗಟ್ಟಿ ಕರಗಿಹೋದ ಮೇಲೆ ಉಳಿಯುವ ಸಾಕ್ಷಿ ಅದೊಂದೇ.

ಎರಡನೆಯ ಕಾಗದ ನಿಮ್ಮ ಫೈಲಿನ ಅತ್ಯುತ್ತಮ ವಸ್ತು. ಇದು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಕ್ಯಾಲಿಫೋರ್ನಿಯಾದ 1849ರ ಸಂವಿಧಾನ ಬ್ಯಾಂಕುಗಳು ನೋಟು ಛಾಪಿಸುವುದನ್ನೇ ನಿಷೇಧಿಸಿತ್ತು. ಪೂರ್ವದ ರಾಜ್ಯಗಳಲ್ಲಿ ಬ್ಯಾಂಕ್ ಮುಳುಗಿ ನೋಟು ರದ್ದಿಯಾದ ಅನುಭವ ಜನಕ್ಕಿತ್ತು. ಹೀಗಾಗಿ ಅಲ್ಲಿನ ಬ್ಯಾಂಕರ್‌ಗಳು ನೋಟಿನ ಬದಲು ಡಿಪಾಸಿಟ್ ಪತ್ರ, ಚೆಕ್ಕು ಮತ್ತು ಬಿಲ್ ಆಫ್ ಎಕ್ಸ್‌ಚೇಂಜ್ ಬರೆಯುತ್ತಿದ್ದರು. ಈ ಬಿಲ್ಲು ನಮ್ಮ ಹಳೆಯ ವರ್ತಕರ ಹುಂಡಿಯ ಹಾಗೆಯೇ. ಇಲ್ಲಿ ದುಡ್ಡು ಕಟ್ಟಿದರೆ ದೂರದ ಊರಿನಲ್ಲಿ ಇಂಥವರಿಗೆ ಕೊಡಿ ಅನ್ನುವ ಆದೇಶ ಪತ್ರ.

ಗಣಿಯ ಹುಡುಗ ನ್ಯೂಯಾರ್ಕ್ ಕಡೆಯ ತನ್ನ ಮನೆಗೆ ಹಣ ಕಳಿಸುತ್ತಿದ್ದದ್ದು ಹೀಗೆ. ಪತ್ರ ಹಡಗಿನಲ್ಲಿ ಪನಾಮಾಕ್ಕೆ ಹೋಗಬೇಕು, ಭೂಸಂಧಿ ದಾಟಬೇಕು, ಆಚೆ ಕಡೆ ಇನ್ನೊಂದು ಹಡಗು ಹತ್ತಬೇಕು. ದಾರಿಯಲ್ಲಿ ಕಳೆದುಹೋದರೆ? ಅದಕ್ಕೇ ಒಂದೇ ಬಿಲ್ಲಿನ ಎರಡು ಮೂರು ಪ್ರತಿ ಬರೆದು ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. 'ಫಸ್ಟ್' ಮೊದಲ ಹಡಗಿಗೆ, 'ಸೆಕೆಂಡ್' ಮುಂದಿನದಕ್ಕೆ. ಮೊದಲನೆಯದಕ್ಕೆ ಹಣ ಕೊಟ್ಟಿಲ್ಲದಿದ್ದರೆ ಮಾತ್ರ ಇದಕ್ಕೆ ಕೊಡಿ ಅಂತ ನಿಮ್ಮ ಕಾಗದದಲ್ಲೇ ಇರುತ್ತದೆ, ಓದಿ ನೋಡಿ. ಹಾಗಾಗಿ 'ಸೆಕೆಂಡ್' ಅಂದರೆ ನಕಲು ಪ್ರತಿ ಅಲ್ಲ. ಅದೂ ಮೊದಲನೆಯದರಷ್ಟೇ ಅಸಲಿ.

ಈಗ ತಾರೀಖು ನೋಡಿ, 1855ರ ಜನವರಿ. ಪೇಜ್ ಬೇಕನ್‌ನ ಮೂಲ ಸಂಸ್ಥೆ ಸೇಂಟ್ ಲೂಯಿಸ್‌ನಲ್ಲಿತ್ತು. ಅದು ರೈಲು ಮಾರ್ಗಕ್ಕೆ ಹಣ ಹಾಕಿ ಸಿಕ್ಕಿಹಾಕಿಕೊಂಡಿತ್ತು. ಅದರ ಬಾಗಿಲು ಮುಚ್ಚಿದ ಸುದ್ದಿಯನ್ನು ಫೆಬ್ರವರಿಯಲ್ಲಿ ಹಡಗು ಸ್ಯಾನ್ ಫ್ರಾನ್ಸಿಸ್ಕೊಗೆ ತಂತು. ಜನ ದುಡ್ಡು ವಾಪಸ್ ಕೇಳಲು ಮುಗಿಬಿದ್ದರು. ಪೇಜ್ ಬೇಕನ್ ಫೆಬ್ರವರಿ 22ಕ್ಕೆ ನಿಂತಿತು. ಮರುದಿನ ಶುಕ್ರವಾರ ಆಡಮ್ಸ್ ಅಂಡ್ ಕಂಪನಿಯೂ ಹೋಯಿತು. ವೆಲ್ಸ್ ಫಾರ್ಗೊ ಕೆಲವೇ ದಿನ ಮುಚ್ಚಿ ಮತ್ತೆ ತೆರೆದು ಉಳಿದುಕೊಂಡಿತು. ಲ್ಯೂಕಸ್ ಟರ್ನರ್ ಬ್ಯಾಂಕ್ ಬಂದವರಿಗೆಲ್ಲ ಹಣ ಕೊಟ್ಟು ನಿಂತಿತು. ಅದನ್ನು ನಡೆಸುತ್ತಿದ್ದವರು ವಿಲಿಯಂ ಶೆರ್ಮನ್, ಮುಂದೆ ಅಂತರ್ಯುದ್ಧದಲ್ಲಿ ಹೆಸರಾದ ಜನರಲ್. ಅವರ ಸಹಿ ಇರುವ ಬ್ಯಾಂಕ್ ಕಾಗದಕ್ಕೆ ಸಹಿ ಸಂಗ್ರಾಹಕರೂ ಪೈಪೋಟಿ ಮಾಡುವುದರಿಂದ ಬೆಲೆ ಏರುತ್ತದೆ.

ಅಂದರೆ ನಿಮ್ಮ ಬಿಲ್ಲು ಕ್ಯಾಲಿಫೋರ್ನಿಯಾ ಬಿಟ್ಟಾಗ ಅದನ್ನು ಬರೆದ ಬ್ಯಾಂಕ್ ಜೀವಂತವಾಗಿತ್ತು. ಬಹುಶಃ ಅದು ಪೂರ್ವ ತೀರ ತಲುಪುವ ಹೊತ್ತಿಗೆ ಹಣ ಕೊಡುವವರೇ ಇರಲಿಲ್ಲ. ಆ ನೋಟರಿ ಚೀಟಿ 'ಪ್ರೊಟೆಸ್ಟ್' ಇರಬೇಕು. ಬಿಲ್ಲನ್ನು ಇಂಥ ದಿನ ತೋರಿಸಿದೆ, ಹಣ ಕೊಡಲಿಲ್ಲ ಅಂತ ನೋಟರಿ ಬರೆದುಕೊಡುವ ದಾಖಲೆ ಅದು. ಅದಿದ್ದರೆ ಮಾತ್ರ ಬಿಲ್ಲಿನ ಹಿಂದೆ ಸಹಿ ಹಾಕಿದವರ ಮೇಲೆ ಹಣ ಕೇಳುವ ಹಕ್ಕು ಉಳಿಯುತ್ತಿತ್ತು. ಬಿಲ್ಲನ್ನು ತಿರುಗಿಸಿ ಹಿಂದಿನ ಸಹಿಗಳನ್ನು ಮೇಲಿನಿಂದ ಕೆಳಗೆ ಓದಿ. ಹಣ ಯಾರಿಂದ ಯಾರಿಗೆ ಹೋಗಬೇಕಿತ್ತು ಅನ್ನುವುದು ಅಲ್ಲಿರುತ್ತದೆ. ಕೆಲವು ವ್ಯಾಪಾರಿಗಳು ಚೀಟಿ, ಪಿನ್ ಎಲ್ಲ ಕಿತ್ತು ಬಿಲ್ಲನ್ನು ಮಾತ್ರ ಚೊಕ್ಕಟ ಮಾಡಿ ಮಾರುತ್ತಾರೆ. ಹಾಗೆ ಮಾಡಿದರೆ ಮುಕ್ಕಾಲು ಕಥೆ ಕಿತ್ತು ಎಸೆದ ಹಾಗೆ. ತುಕ್ಕಿನ ಪಿನ್ ಕಾಗದವನ್ನು ತಿನ್ನುತ್ತದೆ, ನಿಜ. ಆದರೆ ಅದನ್ನು ಕಾಗದ ಸಂರಕ್ಷಣೆ ಕಲಿತವರು ತೆಗೆಯಲಿ. ಅದಕ್ಕೂ ಮೊದಲು ಈಗಿರುವ ಹಾಗೆಯೇ ಎರಡೂ ಬದಿಯ ಫೋಟೊ ತೆಗೆದಿಡಿ.

ಮೂರನೆಯದರ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಗರಿಗರಿ ಅನ್ನುವ, ಎಲ್ಲ ಕಡೆ ಒಂದೇ ಸಮ ಕಂದಾಗಿರುವ ಕಾಗದ ಸಾಮಾನ್ಯವಾಗಿ ಪ್ರವಾಸಿಗಳಿಗೆ ಮಾರಲು ಮಾಡಿದ ಪ್ರತಿ. ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್‌ನ 1840ರ 1000 ಡಾಲರ್ ನೋಟಿನ ಇಂಥ ಪ್ರತಿಗಳು ಲೆಕ್ಕವಿಲ್ಲದಷ್ಟು ಇವೆ. ಎಲ್ಲದರ ಮೇಲೂ ಒಂದೇ ನಂಬರ್, 8894. 1850ರ ದಶಕದ ಕಾಗದವನ್ನು ಹಳೆಯ ಬಟ್ಟೆಯ ನಾರಿನಿಂದ ಮಾಡುತ್ತಿದ್ದರು. ಅದು ಇವತ್ತಿಗೂ ಮೆತ್ತಗೆ, ಬಾಗುವ ಹಾಗೆ ಇರುತ್ತದೆ. ತಿಳಿ ನೀಲಿ ಕಾಗದವೂ ಆಗ ಸಾಮಾನ್ಯ. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ ಹಿಡಿದು ಸಹಿಯನ್ನು ನೋಡಿ. ಅಸಲಿ ಶಾಯಿ ನಾರಿನೊಳಗೆ ಇಳಿದಿರುತ್ತದೆ, ಲೇಖನಿ ಒತ್ತಿದ ಕಡೆ ಗಾಢ, ಅಂಚಿನಲ್ಲಿ ಕಂದು. ಸಹಿಯೂ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಮುದ್ರಣ, ಮಾತು ಮುಗಿಯಿತು. ಅಲ್ಟ್ರಾವಯಲೆಟ್ ಟಾರ್ಚ್ ಹಾಕಿದಾಗ ನೀಲಿಯಾಗಿ ಹೊಳೆದರೆ ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಇದೆ ಅಂತ ಅರ್ಥ. ಅದು 20ನೇ ಶತಮಾನದ ಮಧ್ಯಭಾಗದ ಈಚೆಗಿನದು.

ಸ್ಟಾಂಪ್ ಕೂಡ ಒಳ್ಳೆಯ ಸಾಕ್ಷಿ. ಅಮೆರಿಕದ ಕೇಂದ್ರ ಸರ್ಕಾರದ ರೆವೆನ್ಯೂ ಸ್ಟಾಂಪ್ ಜಾರಿಗೆ ಬಂದದ್ದು 1862ರ ಅಕ್ಟೋಬರ್ 1ರಿಂದ. 1855ರ ಚೆಕ್ಕಿನ ಮೇಲೆ ಅದು ಅಂಟಿದ್ದರೆ ಚೆಂದ ಕಾಣಲಿ ಅಂತ ಯಾರೋ ಆಮೇಲೆ ಸೇರಿಸಿದ್ದಾರೆ. ಕಾಗದದ ಅಂಚಿನಲ್ಲಿ ಮುದ್ರಕರ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನೂ ಓದಿ. ಬ್ರಿಟನ್ ಅಂಡ್ ರೇ ಎಂಬ ಹೆಸರಾಂತ ಕಲ್ಲಚ್ಚಿನವರು ಅಲ್ಲಿ ಶುರುವಾದದ್ದು 1852ರಲ್ಲಿ. ಅವರ ಹೆಸರಿರುವ ಫಾರಂ 1850ರದ್ದಾಗಲು ಸಾಧ್ಯವಿಲ್ಲ, ಅಲ್ವಾ?

ಹೆಸರುಗಳನ್ನು ಹುಡುಕಲು ನಿಮಗೆ ದುಡ್ಡೇ ಬೇಡ. ಡೈಲಿ ಆಲ್ಟಾ ಕ್ಯಾಲಿಫೋರ್ನಿಯಾ, ಸ್ಯಾಕ್ರಮೆಂಟೊ ಡೈಲಿ ಯೂನಿಯನ್ ಮುಂತಾದ ಆಗಿನ ಪತ್ರಿಕೆಗಳು ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅಸ್ಸೇ ಕಚೇರಿಯ ಜಾಹೀರಾತು, ಹಡಗು ಹೊರಡುವ ದಿನ, ಯಾವ ಹಡಗಿನಲ್ಲಿ ಯಾರು ಎಷ್ಟು ಚಿನ್ನ ಕಳಿಸಿದರು ಎಲ್ಲವೂ ಅಲ್ಲಿವೆ. ಬಿಲ್ಲಿನ ತಾರೀಖು ಹಡಗು ಹೊರಡುವ ಹಿಂದಿನ ದಿನಗಳಿಗೆ ತಾಳೆಯಾದರೆ ಒಳ್ಳೆಯ ಲಕ್ಷಣ. ಆ ದಿನಗಳಲ್ಲಿ ಇಡೀ ಊರು ಲೆಕ್ಕ ಚುಕ್ತಾ ಮಾಡಿ ಬಿಲ್ಲು ಬರೆಸಲು ಓಡಾಡುತ್ತಿತ್ತು. ಸ್ಯಾಕ್ರಮೆಂಟೊದ ರಾಜ್ಯ ಗ್ರಂಥಾಲಯ ನಿಮಗೆ ಹತ್ತಿರ. ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಾಲಯಕ್ಕೂ ಹೋಗಿ ಅಸಲಿ ಕಾಗದಗಳನ್ನು ಕಣ್ಣಾರೆ ನೋಡಿ. ಕಣ್ಣು ಪಳಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬೆಲೆಯ ವಿಷಯ. ಕಾಗದವನ್ನು ಕೈಯಲ್ಲಿ ಹಿಡಿಯದೆ ನಾನು ಅಂಕಿ ಹೇಳುವುದಿಲ್ಲ. ಆದರೆ ಒಂದು ಅಂದಾಜಿನ ಕ್ರಮ ಹೇಳಬಲ್ಲೆ. 1860, 70ರ ದಶಕದ ಚೆಕ್ಕುಗಳು ಸಲೀಸಾಗಿ ಸಿಗುತ್ತವೆ, ಅಗ್ಗ. 1855ಕ್ಕಿಂತ ಹಿಂದಿನ ಬಿಲ್ಲುಗಳು ದುಬಾರಿ. ಭರ್ತಿ ಮಾಡಿದ ಅಸ್ಸೇ ರಸೀದಿಗಳು ಅವಕ್ಕಿಂತ ಅಪರೂಪ, ಅದರಲ್ಲೂ ಬೆಟ್ಟದ ಸಣ್ಣ ಊರಿನವು. ಮೊಫಾಟ್ ಅಂಡ್ ಕಂಪನಿಯಂಥ ಮೊದಲ ದಿನಗಳ ಕಚೇರಿಗಳ ಕಾಗದ ಸಿಕ್ಕರಂತೂ ದೊಡ್ಡ ಹರಾಜಿನ ವಸ್ತು. ಇಷ್ಟು ಅಪರೂಪ ಆಗಲು ಒಂದು ಕಾರಣ 1906ರ ಏಪ್ರಿಲ್ 18ರ ಭೂಕಂಪ ಮತ್ತು ಬೆಂಕಿ. ಸ್ಯಾನ್ ಫ್ರಾನ್ಸಿಸ್ಕೊದ ಕಚೇರಿ ಕಡತಗಳಲ್ಲಿ ಬಹಳಷ್ಟು ಆಗ ಸುಟ್ಟುಹೋದವು. ಹಾಗಾಗಿ ಈಗ ಸಿಗುವ ಕಾಗದ ಹೆಚ್ಚಾಗಿ ಹಣ ಪಡೆದವರ ಮನೆಗಳಿಂದ ಬಂದವು. ಹೆರಿಟೇಜ್, ಹೊಲಾಬರ್ಡ್‌ನಂಥ ಹರಾಜು ಸಂಸ್ಥೆಗಳ ಹಿಂದಿನ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆ ನೋಡಿ. ಮಾರುವವರು ಕೇಳುತ್ತಿರುವ ಬೆಲೆಗೆ ಅರ್ಥವಿಲ್ಲ. ಹರಾಜಿನ ಕೂಗಿನ ಮೇಲೆ ಕೊಳ್ಳುವವರ ಕಮಿಷನ್ ಬೇರೆ ಸೇರುತ್ತದೆ ಅನ್ನುವುದೂ ನೆನಪಿರಲಿ.

ಹವ್ಯಾಸ ಮುಂದುವರಿಸುವುದಾದರೆ ನನ್ನ ಸಲಹೆ ಸ್ಪಷ್ಟ. ಭರ್ತಿ ಮಾಡದ ಖಾಲಿ ಫಾರಂ ಎಷ್ಟೇ ಸುಂದರ ಚಿತ್ರ ಇದ್ದರೂ ಬಿಡಿ. ಮಡಿಕೆ ಬಿದ್ದಿರಲಿ, ಶಾಯಿ ಚೆಲ್ಲಿರಲಿ, ಯಾರದೋ ಹೆಸರು, ತೂಕ, ಮೊತ್ತ ಬರೆದಿರುವ ಕಾಗದ ಕೊಳ್ಳಿ. ಒಂದು ನದಿ ಅಥವಾ ಒಂದು ಊರು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ನೀವು ಅಮೆರಿಕನ್ ನದಿಯನ್ನೇ ಆರಿಸಿಕೊಳ್ಳಿ. ಜೊತೆಗೆ ಪರದೇಶಿ ಗಣಿಗಾರರ ತೆರಿಗೆಯ ರಸೀದಿಗಳನ್ನೂ ಹುಡುಕಿ. 1850ರಲ್ಲಿ ತಿಂಗಳಿಗೆ 20 ಡಾಲರ್ ಹಾಕಿದರು, ಮರುವರ್ಷ ರದ್ದು ಮಾಡಿದರು. 1852ರಲ್ಲಿ 3 ಡಾಲರ್ ಅಂತ ಮತ್ತೆ ತಂದು, 1853ರಲ್ಲಿ 4ಕ್ಕೆ ಏರಿಸಿದರು. ಇದರ ಭಾರ ಹೆಚ್ಚಾಗಿ ಬಿದ್ದದ್ದು ಚೀನಾದಿಂದ ಬಂದ ಬಡವರ ಮೇಲೆ. ಅಸ್ಸೇ ರಸೀದಿಯ ಪಕ್ಕದಲ್ಲಿ ಈ ರಸೀದಿಯನ್ನು ಇಡದೆ ಆ ಕಾಲದ ಚಿತ್ರ ಪೂರ್ತಿಯಾಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಟೇಪ್ ಹಾಕಬೇಡಿ. ಪಿವಿಸಿ ಕವರ್ ಬೇಡ, ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರ್ ಆಗಬಹುದು. ಬಿಸಿಲು ಬೀಳುವ ಗೋಡೆಗೆ ಬಣ್ಣದ ಫೋಟೊಪ್ರತಿ ಹಾಕಿ, ಅಸಲಿಯನ್ನು ಪೆಟ್ಟಿಗೆಯಲ್ಲಿಡಿ.

ಇನ್ನು ಕೆಜಿಎಫ್. ನಿಮ್ಮ ತಂದೆಯ ಹೆಸರಿನ ಇಂಥ ರಸೀದಿ ಸಿಗುವುದಿಲ್ಲ, ಯಾಕೆಂದರೆ ಅಲ್ಲಿನ ವ್ಯವಸ್ಥೆಯೇ ಬೇರೆ. ಕ್ಯಾಲಿಫೋರ್ನಿಯಾದ ಮೊದಲ ವರ್ಷಗಳಲ್ಲಿ ಮರಳಿನಿಂದ ಚಿನ್ನ ತೆಗೆದವನೇ ಅದರ ಒಡೆಯ. ಅವನೇ ಹೊತ್ತುಕೊಂಡು ಹೋಗಿ ಪರೀಕ್ಷೆಗೆ ಕೊಡುತ್ತಿದ್ದ. ಕೆಜಿಎಫ್‌ನಲ್ಲಿ ಚಿನ್ನ ಇದ್ದದ್ದು ಆಳದ ಬಂಡೆಯೊಳಗೆ. ತೆಗೆಯಲು ಕಂಪನಿಯ ಬಂಡವಾಳ, ಯಂತ್ರ ಬೇಕಿತ್ತು. ಕೆಲಸದವರಿಗೆ ಕೂಲಿ ಅಥವಾ ಸಂಬಳ ಮಾತ್ರ. 1880ರ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಈ ಕಂಪನಿಗಳನ್ನು ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದರು. ಷೇರುದಾರರು ಇದ್ದದ್ದು ಬಹುತೇಕ ಇಂಗ್ಲೆಂಡಿನಲ್ಲಿ. ಆದ್ದರಿಂದ ಸಂಗ್ರಾಹಕರಿಗೆ ಸಿಗುವುದು ಷೇರು ಪತ್ರಗಳು, ಅವೂ ಹೆಚ್ಚಾಗಿ ಇಂಗ್ಲೆಂಡಿನ ಮಾರಾಟಗಾರರಲ್ಲಿ. ಮನೆಯಲ್ಲಿ ತಂದೆಯವರ ಸಂಬಳದ ಚೀಟಿ, ಗಣಿಯ ಪಾಸು, ಕ್ವಾರ್ಟರ್ಸ್ ಪತ್ರ ಏನಾದರೂ ಇದ್ದರೆ ಈ ರಸೀದಿಗಳಷ್ಟೇ ಜೋಪಾನವಾಗಿ ಇಡಿ. ಗಣಿ 2001ರಲ್ಲಿ ಮುಚ್ಚಿತು. ಕೆಲಸಗಾರರ ಕಡೆಯ ಕಾಗದಗಳನ್ನು ಉಳಿಸಿದವರು ತೀರಾ ಕಡಿಮೆ.

ಊರಿಗೆ ತರುವ ಬಗ್ಗೆ: ತರಬೇಡಿ ಅಂತಲೇ ಹೇಳುತ್ತೇನೆ. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಚಾರಿತ್ರಿಕ ಮಹತ್ವದ ದಾಖಲೆಗೆ 75 ವರ್ಷ ಆಗಿದ್ದರೆ ಅದು ಪ್ರಾಚ್ಯವಸ್ತು. ಖಾಸಗಿಯವರು ಪ್ರಾಚ್ಯವಸ್ತುವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಒಮ್ಮೆ ತಂದ ಮೇಲೆ ವಾಪಸ್ ಒಯ್ಯುವಾಗ ವಿಮಾನ ನಿಲ್ದಾಣದಲ್ಲಿ ತೊಂದರೆ ಆಗಬಹುದು. ಅಸಲಿ ಅಲ್ಲೇ ಇರಲಿ, ಮನೆಯವರಿಗೆ ತೋರಿಸಲು ಎರಡೂ ಬದಿಯ ಸ್ಕ್ಯಾನ್ ತನ್ನಿ. ಅದಕ್ಕೂ ಮೊದಲು ರಸೀದಿಯ ನಾಲ್ಕು ಅಂಕಿಗಳನ್ನು ನನಗೆ ಬರೆದು ಕಳಿಸಿ: ಎರಡು ತೂಕ, ಟಚ್, ಒಟ್ಟು ಮೊತ್ತ.